ತೊಳೆದ ಕಲ್ಲು

ಪರೀಕ್ಷಾ ಯಂತ್ರದ ಗಾಜಿನ ಕಿಂಡಿಯೊಳಗೆ ಉಪ್ಪುನೀರಿನ ಹನಿ ಕಲ್ಲಿಗೆ ಅಂಟದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ದುಂಡಗೆ ಕುಳಿತಿತು. ಪರೀಕ್ಷಕಿ ಬಗ್ಗಿ ಮತ್ತೊಮ್ಮೆ ನೋಡಿದಳು. ನೆಲದಾಳದಲ್ಲಿ ಮುಚ್ಚಳದಂತಿರುವ ಈ ಕಲ್ಲು ನೀರನ್ನು ಹಿಡಿದುಕೊಂಡರೆ ಮಾತ್ರ ಅದರಡಿ ಕಾರ್ಖಾನೆಗಳಿಂದ ತಂದು ತುಂಬಿದ ಇಂಗಾಲದ ಡೈಆಕ್ಸೈಡ್ ಮೇಲೇಳುವುದಿಲ್ಲ.

"ತೊಳೆಯೋದು ಮರೆತ್ರೇನಮ್ಮ?" ಎಂದರು ಮೇಲಧಿಕಾರಿ. "ಜಿಡ್ಡು ತೆಗೆದು ಮತ್ತೆ ಇಡಿ, ಸರಿಹೋಗುತ್ತೆ."

"ನೆಲದೊಳಗಿನ ಕಲ್ಲಿನ ಜಿಡ್ಡು ಯಾರು ತೆಗೆದಿದ್ದಾರೆ ಸಾರ್?"

ಮೂರು ವರ್ಷ ಪ್ರತಿ ಕಲ್ಲನ್ನೂ ಉಜ್ಜಿ ತೊಳೆದು, ಹನಿ ಹರಡಿದ್ದು ಕಂಡು 'ಭದ್ರ' ಎಂದು ಬರೆದವಳು ಅವಳೇ. ಆ ಮಾತು ನಂಬಿ ಉಸಿರುಕಟ್ಟಿಸುವ ಅನಿಲವನ್ನು ತುಂಬಿದ್ದು ಅಕ್ಕನ ಊರಿನ ಕೆಳಗೆ.

ಅವಳು ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ನಗುತ್ತಲೇ ಎತ್ತಿಕೊಂಡಳು: "ನೂರು ವರ್ಷ ಆಯಸ್ಸು ಕಣೇ ನಿಂಗೆ! ನಮ್ಮ ಬಾವೀಲಿ ಸೋಡಾ ಥರ ಗುಳ್ಳೆ ಏಳ್ತಿದೆ. ನೋಡ್ಬೇಕು ಅಂತ ಮಕ್ಕಳು ಈಗಷ್ಟೇ ಒಳಗಿಳಿದ್ರು."