ಗುಲಾಬಿ ಬಣ್ಣದ ಜೋಳ

ಬೀಜಕ್ಕೆ ಹಚ್ಚುವ ಔಷಧಿಯ ಘಾಟು ಮೂಗಿಗೆ ಬಡಿದರೆ ಈಗಲೂ ನಾನು ಕೈ ತೊಳೆಯಲು ಏಳುತ್ತೇನೆ.

ಕೊಳಕೂರಿನ ಮನೆಯ ಪಡಸಾಲೆಯಲ್ಲಿ ಅಜ್ಜಿ ಗುಬ್ಬಿಗಳಿಗೆಂದು ಜೋಳದ ತೆನೆ ಕಟ್ಟುತ್ತಿದ್ದಳು. ಒಂದು ಮಧ್ಯಾಹ್ನ ತೆನೆ ಬರಿದಾಗಿದ್ದು ಕಂಡು, ಏಳು ವರ್ಷದ ನಾನು ಬಿತ್ತನೆಗೆ ಔಷಧಿ ಹಚ್ಚಿಟ್ಟಿದ್ದ ಗುಲಾಬಿ ಬಣ್ಣದ ಜೋಳವನ್ನು ಚಂದವೆಂದು ಬೊಗಸೆ ತುಂಬ ಅಂಗಳಕ್ಕೆ ಚೆಲ್ಲಿದೆ. ಸಂಜೆಗೆ ನಾಲ್ಕು ಗುಬ್ಬಿಗಳು ಸತ್ತು ಬಿದ್ದಿದ್ದವು.

ಅಜ್ಜಿ ಬೈಯಲಿಲ್ಲ. ನನ್ನ ಕೈಗೆ ಸಬಕಾರ ಹಚ್ಚಿ ಉಜ್ಜುತ್ತ, "ನೀ ಬಾಯಾಗ ಹಾಕ್ಕೊಂಡಿಲ್ಲ, ಹೌದಿಲ್ಲ?" ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಅಂಗಳದಲ್ಲಿ ಕೂತು ಒಂದೊಂದೇ ಕಾಳು ಆರಿಸಿದಳು.

ಮರುದಿನ ಹೊಸ ತೆನೆ ಕಟ್ಟಲು ನನ್ನನ್ನೇ ಎತ್ತಿ ಹಿಡಿದಳು.

"ಇನ್ನ ಬರಂಗಿಲ್ಲ ಅವು, ಆಯಿ," ಎಂದೆ ಅಜ್ಜಿಗೆ.

"ಬರ್ತಾವ ಬೇ. ಯಾರ ಹಾಕಿದ್ರಂತ ಅವಕ್ಕೇನ ಗೊತ್ತು?"

ಗುಬ್ಬಿಗಳು ಬಂದವು. ನಾನು ಬಾಗಿಲ ಹಿಂದೆ ಅಡಗಿ ನಿಂತಿದ್ದೆ.