ಬಾಗಿಲಲ್ಲಿ ಆಡಿದ ಮಾತು

ನ್ಯಾಯಾಧೀಶರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಗುಟ್ಟಪ್ಪ ಅವರ ಮೂಗಿನ ಕೆಳಗೆ ಪೊರಕೆಯಂತೆ ಇಳಿಬಿದ್ದಿದ್ದ ಮೀಸೆಯನ್ನೇ ನೋಡುತ್ತ ಕೂತ. ಮುದುಕ ಗಟ್ಟಿ ಕುಳ, ಸುಲಭಕ್ಕೆ ಬಗ್ಗುವವನಲ್ಲ ಎಂದು ಪತ್ರಕರ್ತರು ಬರೆದುಕೊಂಡರು.

ಗುಟ್ಟಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಕೊಟ್ಟದ್ದು. ಪ್ರಧಾನಿಯ ಕೋಣೆಯ ಬಾಗಿಲಲ್ಲಿ ಜವಾನನಾಗಿ ತಲೆ ನರೆಸಿಕೊಂಡವನು ಅವನು. ಬಾಗಿಲ ಮೇಲಿನ ಕೆಂಪು ದೀಪ ಹತ್ತಿದರೆ ಒಳಗೆ, ಇಲ್ಲವಾದರೆ ಸ್ಟೂಲಿನ ಮೇಲೆ. ಆ ದೀಪದಿಂದ ಕಣ್ಣು ಕದಲಿಸಿದವನಲ್ಲ. ಅವನೆದುರು ಎಂಥ ಗುಟ್ಟು ಆಡಿದರೂ ಹೊರಗೆ ಹೋಗುತ್ತಿರಲಿಲ್ಲ. ಗೋಡೆಗೂ ಕಿವಿಯುಂಟು, ಗುಟ್ಟಪ್ಪನಿಗಿಲ್ಲ ಎಂಬುದು ಮಂತ್ರಿಗಳ ಹಳೆಯ ತಮಾಷೆ.

ಈಗ ದೇಶದ ಗದ್ದುಗೆಯೇ ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದದ್ದಿಷ್ಟು. ಒಂದು ಮಧ್ಯಾಹ್ನ ಪ್ರಧಾನಿಗೂ ಉಪಪ್ರಧಾನಿಗೂ ಜಟಾಪಟಿಯಾಯಿತು. ಇಬ್ಬರೂ ಮಾವ ಅಳಿಯ, ಹಾಗಾಗಿ ಜಗಳಕ್ಕೆ ಬರವಿರಲಿಲ್ಲ. ಮಾವ ದಡಬಡನೆ ಎದ್ದು ಹೊರನಡೆದರು. ಕುರ್ಚಿಯ ಬಿಸಿ ಆರುವ ಮೊದಲೇ ಅಳಿಯ ಅದರಲ್ಲಿ ಕೂತ. ಅಧಿಕಾರ ಬಿಟ್ಟುಕೊಟ್ಟು ಹೋದರು ಎಂದ. ಗಾಳಿ ಸೇವನೆಗೆ ಹೋದವರ ಕುರ್ಚಿ ಹೊಡೆದುಕೊಂಡ ಎಂದರು ಮಾವನ ಕಡೆಯವರು. ಆಯೋಗ ಕೂತಿತು. ಸಾಕ್ಷ್ಯಕ್ಕೆ ಇದ್ದದ್ದು ಎರಡೇ. ಒಂದು, ಕೋಣೆಯ ಮೂಲೆಯಲ್ಲಿ ಮಾವ ಬಿಟ್ಟುಹೋದ ಛತ್ರಿ. ಇನ್ನೊಂದು, ಮೆಟ್ಟಿಲಿಳಿಯುವ ಮುಂಚೆ ಗುಟ್ಟಪ್ಪನ ಕಡೆ ತಿರುಗಿ ಅವರು ಆಡಿದ ಒಂದೇ ಒಂದು ಮಾತು.

ಆ ಮಾತು ಏನೆಂದು ಆಯೋಗ ಮೊದಲು ಮಾವನನ್ನೇ ಕೇಳಿತ್ತು. ಅವರು ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಕನ್ನಡಕ ಒರೆಸಿಕೊಂಡು, "ಮರ್ತಿದೀನಿ" ಎಂದಿದ್ದರು. ಸಭೆಯೆಲ್ಲ ನಕ್ಕಿತ್ತು. ವಯಸ್ಸಾದ ತಲೆ, ಪಾಪ.

ಉಳಿದವನು ಗುಟ್ಟಪ್ಪ. ನಿವೃತ್ತಿಗೆ ಒಂದೇ ವರ್ಷ ಬಾಕಿ. ಅವನ ಹೊಟ್ಟೆಯೊಳಗೆ ಒಂದು ಸಂಗತಿಯಿತ್ತು. ಹೆಂಡತಿಯ ಹೊರತು ಅದು ಯಾರಿಗೂ ಗೊತ್ತಿರಲಿಲ್ಲ. ಇಲ್ಲಿ ಹೊರಬಿತ್ತೋ, ಕೆಲಸ, ಪಿಂಚಣಿ, ಸರ್ಕಾರಿ ಮನೆ ಎಲ್ಲ ನೀರುಪಾಲು. ನೋಡುವವರಿಗೆ ಗಟ್ಟಿ ಕುಳ, ಒಳಗೆ ಮಾತ್ರ ಪುಕುಪುಕು.

ಬಿ.ಪಿ. ಮಾತ್ರೆಯ ನೆಪ ಹೇಳಿ ಹೆಂಡತಿ ಅವನ ಪಕ್ಕದಲ್ಲೇ ಜಾಗ ಗಿಟ್ಟಿಸಿಕೊಂಡಿದ್ದಳು. ಗಂಡನ ಅಂಗೈಯನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಸವರುತ್ತಿದ್ದಳು. ಈ ವಯಸ್ಸಿನಲ್ಲೂ ಎಂಥ ಅಕ್ಕರೆ ಎಂದು ಟೈಪು ಮಾಡುವಾಕೆಯ ಕಣ್ಣು ತುಂಬಿ ಬಂತು.

ಗುಟ್ಟಪ್ಪ ಗಂಟಲು ಸರಿಮಾಡಿಕೊಂಡ. "ಬರ್ತಿದೀನಿ ಅಂದ್ರು ಸ್ವಾಮಿ."

ಅಳಿಯನ ವಕೀಲರು ಎದ್ದೇ ಬಿಟ್ಟರು. ಹೊರಡುವವರೆಲ್ಲ ಬರ್ತೀನಿ ಎಂದೇ ಹೊರಡುವುದು, ಹೋಗ್ತೀನಿ ಎಂದು ಯಾರಾದರೂ ಅನ್ನುತ್ತಾರೆಯೇ? ಮುನಿಸಿಕೊಂಡು ಎದ್ದ ನೆಂಟನೂ ಬರ್ತೀನಿ ಎನ್ನುತ್ತಾನೆ, ಆಮೇಲೆ ಈ ಕಡೆ ತಲೆ ಹಾಕುತ್ತಾನೆಯೇ? ಅವರು ಬೆನ್ನು ತಿರುಗಿಸಿ, ಕಿಟಕಿಯ ಕಡೆ ನೋಡುತ್ತ ವಾದ ಮುಂದುವರಿಸಿದರು.

"ಮುಖ ಕೊಟ್ಟು ಮಾತಾಡಿ ಸ್ವಾಮಿ," ಎಂದ ಗುಟ್ಟಪ್ಪ.

ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಜವಾನನಾದರೇನು, ಅವನಿಗೂ ಮರ್ಯಾದೆ ಬೇಡವೇ? ವಕೀಲರು ಕೆಂಪಗಾಗಿ ತಿರುಗಿ ನಿಂತರು. ಬರ್ತೀನಿ ಅಂದರೋ, ಬರ್ತಿದೀನಿ ಅಂದರೋ, ಸರಿಯಾಗಿ ಹೇಳು ಎಂದರು. ಅಷ್ಟರಲ್ಲಿ ಮೈಕು ಕಿರ್ರೆಂದು ಕಿರುಚಿಕೊಂಡಿತು. ನ್ಯಾಯಾಧೀಶರೂ ಸೇರಿ ಎಲ್ಲರೂ ಕಿವಿ ಮುಚ್ಚಿಕೊಂಡರು. ಗುಟ್ಟಪ್ಪ ರೆಪ್ಪೆ ಕೂಡ ಬಡಿಯಲಿಲ್ಲ.

"ಬರ್ತಿದೀನಿ. ನಡುವೆ ಒಂದು 'ದೀ' ಇತ್ತು. ನಾನೇ ಕಣ್ಣಾರೆ ಕಂಡಿದೀನಿ."

ಕಂಡದ್ದಲ್ಲ, ಕೇಳಿದ್ದು ಎಂದು ನ್ಯಾಯಾಧೀಶರು ಟೈಪಿನಲ್ಲಿ ತಿದ್ದಿಸಿದರು.

ಆ ಒಂದು 'ದೀ' ಸರ್ಕಾರವನ್ನೇ ಮಗುಚಿ ಹಾಕಿತು. ಬರ್ತೀನಿ ಎಂಬುದು ಹೊರಡುವವರ ಉಪಚಾರದ ಮಾತು, ಬರ್ತಿದೀನಿ ಎಂದರೆ ಈಗಲೇ ವಾಪಸು ಬರುವವರ ಮಾತು, ಛತ್ರಿಯನ್ನು ಇಟ್ಟುಹೋದದ್ದೂ ಅದಕ್ಕೇ ಎಂದು ಆಯೋಗ ಅಭಿಪ್ರಾಯಪಟ್ಟಿತು. ಅಧಿಕಾರ ಹಸ್ತಾಂತರ ಆಗಿಯೇ ಇಲ್ಲ ಎಂದ ಮೇಲೆ ಇನ್ನೇನು? ಅಳಿಯ ಕುರ್ಚಿಯಿಂದ ಎದ್ದ, ಮಾವ ಹಾರ ಹಾಕಿಸಿಕೊಂಡು ಬಂದರು.

ಬಾಗಿಲಲ್ಲಿ ಗುಟ್ಟಪ್ಪ ಸಲಾಮು ಹೊಡೆದ. ಕೆಲಸ ಉಳಿದಿತ್ತು, ಹೊಟ್ಟೆಯೊಳಗಿನ ಸಂಗತಿ ಹೊಟ್ಟೆಯಲ್ಲೇ ಇತ್ತು. ಪಕ್ಕದಲ್ಲಿ ಹೆಂಡತಿಯೂ ಹೊಸ ಬಟ್ಟೆಯಲ್ಲಿ ನಿಂತಿದ್ದಳು. ಮಾವ ನೇರ ಒಳಗೆ ಹೋಗಿ, ಮೂಲೆಯ ಛತ್ರಿಯನ್ನು ಎತ್ತಿಕೊಂಡು ಹೊರಗೆ ಬಂದರು. ಅತ್ತಿತ್ತ ನೋಡಿ ಅವನ ಮುಖಕ್ಕೆ ಮುಖ ತಂದರು.

"ಬಿಟ್ಟು ಹೋದವನನ್ನ ಕರ್ಕೊಂಡು ಬಂದು ಕೂರಿಸಿದೆಯಲ್ಲಯ್ಯ. ಭಲೇ ಆಸಾಮಿ ನೀನು."

"ಇದ್ದದ್ದನ್ನ ಇದ್ದ ಹಾಗೆ ಹೇಳಿದೆ ಸ್ವಾಮಿ, ಅಷ್ಟೇ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಛತ್ರಿಯನ್ನು ಎತ್ತಿ ತೋರಿಸಿ, ಆ ದಿನ ಆಡಿದ ಮಾತನ್ನೇ ಇನ್ನೊಮ್ಮೆ ಆಡಿ, ಕಣ್ಣು ಮಿಟುಕಿಸಿ ಒಳಗೆ ಹೋದರು. ಗುಟ್ಟಪ್ಪ ಸರಿಯಾಗಿ ನೋಡಿದ್ದ. ಅದೇ ಮಾತು, ಅಕ್ಷರಕ್ಕೆ ಅಕ್ಷರ. ಹೆಮ್ಮೆಯಿಂದ ಅವನ ಎದೆ ಉಬ್ಬಿತು.

ಹೆಂಡತಿ ಮಾತ್ರ ಬಿಳಿಚಿಕೊಂಡಿದ್ದಳು. ಯಾವುದೋ ಕಾಲದ ಜ್ವರದಲ್ಲಿ ಗಂಡನ ಎರಡೂ ಕಿವಿ ಪೂರ್ತಿ ಹೋದಂದಿನಿಂದ, ಎದುರಿನವರ ತುಟಿ ನೋಡಿಯೂ ಅವನಿಗೆ ತಿಳಿಯದ ಮಾತನ್ನೆಲ್ಲ ಅಂಗೈ ಮೇಲೆ ಬರೆದು ತಿಳಿಸುತ್ತ ಬಂದವಳು ಅವಳು. ಈಗಲೂ ಅವನ ಕೈ ಬಿಡಿಸಿ, ತುಟಿಯ ಮೇಲೆ 'ಬ'ದಂತೆಯೇ ಕಾಣುವ ಆ ಮೊದಲ ಅಕ್ಷರವನ್ನು ಬೆರಳಿನಿಂದ ತಿದ್ದಿದಳು: 'ಮ'.