ಇದ್ದಲ್ಲೇ ಇದ್ದ ಹಿಂಡು

"ನೋಡೇ, ಪುಡಿಮೀನಿನ ಹಿಂಡು! ಇದರ ಬೆನ್ನಿಗೆ ದೊಡ್ಡವು ಇರದಿದ್ರೆ ನನ್ನ ಕೇಳು. ಬಿಡು ಗಾಳ!" ನೀರಡಿಯ ಮೀನು ತೋರಿಸುವ ಸೋನಾರ್ ಪರದೆಯ ಮೇಲಿದ್ದ ದುಂಡನೆಯ ಗುರುತಿನತ್ತ ಕೈತೋರಿಸಿ ಅಣ್ಣ ಕೂಗಿದ. ತಂಗಿ ಗಾಳ ಬಿಡಲಿಲ್ಲ.

ದೋಣಿ ಸಾಗಿದಂತೆ ಪರದೆಯ ಮೇಲಿನ ಎಲ್ಲವೂ, ಕಡಲ ತಳದ ಗೆರೆ ಕೂಡ, ಎಡಕ್ಕೆ ಜಾರಿ ಮರೆಯಾಗುತ್ತಿತ್ತು. ಅಣ್ಣನ ಹಿಂಡು ಮಾತ್ರ ಇದ್ದಲ್ಲೇ ಇತ್ತು. ಇಪ್ಪತ್ತು ವರ್ಷ ಈ ಪರದೆಯನ್ನು ಅಂಗೈಗೆರೆಯಂತೆ ಓದಿದವನು ಅವನು. "ನನ್ನ ಕಣ್ಣು ಕೈಕೊಟ್ಟ ದಿನ ಚುಕ್ಕಾಣಿ ನಿಂದೇ" ಎಂದು ಹೋದ ವರ್ಷ ಆಣೆ ಇಟ್ಟಿದ್ದ. ಕಣ್ಣಿನ ಡಾಕ್ಟರ ಹತ್ತಿರ ಮಾತ್ರ ಹೋಗಿರಲಿಲ್ಲ. ಸುಮ್ಮನೆ ಗಾಳ ಬಿಟ್ಟು, ಮೀನು ಕಚ್ಚಲಿಲ್ಲ ಎಂದುಬಿಡಬಹುದಿತ್ತು ಅವಳು.

"ಏನೇ, ಕೈಗೆ ಜೋಮು ಹಿಡೀತಾ?"

ಅವಳು ಹೆಬ್ಬೆರಳಿಗೆ ಎಂಜಲು ಹಚ್ಚಿ ಪರದೆಯನ್ನು ಒರೆಸಿದಳು. ಹಿಂಡು ಬೆರಳಿಗೆ ಅಂಟಿಕೊಂಡು ಬಂತು: ನಿನ್ನೆ ಹಿಡಿದ ಮೀನಿನ ಒಣಗಿದ ಹುರುಪೆ.

ಅಣ್ಣ ಅವಳ ಬೆರಳನ್ನು ಹಿಡಿದು ಮೂಗಿನ ಹತ್ತಿರ ತಂದ, ದೂರ ಮಾಡಿದ, ಮತ್ತೆ ಹತ್ತಿರ ತಂದ. "ಒಳ್ಳೇ ಹಿಂಡು" ಎಂದ. ಆಮೇಲೆ ಚುಕ್ಕಾಣಿಯ ಮುಂದಿನ ಸ್ಟೂಲಿನಿಂದ ಎದ್ದು, ಅದನ್ನು ಅವಳ ಕಡೆಗೆ ಕಾಲಿನಿಂದ ಸರಿಸಿ ಕೇಳಿದ:

"ಗಾಳದ ಡಬ್ಬಿ ಎಲ್ಲಿಟ್ಟಿರ್ತೀಯೇ ನೀನು?"